ಛಾವಣಿ ಇಲ್ಲದ ಜಾಗ

ಚಿತ್ರ ಕಲಿಯಲು ನನ್ನ ಹತ್ತಿರ ಬರಬೇಕಿದ್ದ ಹುಡುಗನ ತಾಯಿ ಫೋನಿನಲ್ಲಿ ಮೊದಲು ಕೇಳಿದ್ದೇ ಇದು: "ಗೋಲಗುಮ್ಮಟಕ್ಕ ಕರ್ಕೊಂಡು ಹೋಗಿ ಚಿತ್ರ ತೆಗಸ್ತೀರೇನ್ರಿ?"

ಬೇಡ ಎಂದೆ. ಭಾನುವಾರ ಬೆಳಿಗ್ಗೆ ಬಾರಾ ಕಮಾನಿಗೆ ಬನ್ನಿ ಎಂದೆ. ಅವರಿಗೆ ಸ್ವಲ್ಪ ಬೇಸರ ಆಗಿರಬೇಕು. ವಿಜಯಪುರಕ್ಕೆ ಬಂದವರೆಲ್ಲ ಮೊದಲು ನೋಡುವುದು ಗುಮ್ಮಟ ಅಲ್ವಾ?

ನನಗೆ ಒಂಬತ್ತು ವರ್ಷವಿದ್ದಾಗ ಶಾಲೆಯವರು ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. 1656ರಲ್ಲಿ ಮುಗಿದ ಕಟ್ಟಡ, ಗುಮ್ಮಟದ ಹೊರಗಿನ ಅಡ್ಡಳತೆ ಸುಮಾರು 44 ಮೀಟರ್, ನಡುವೆ ಒಂದೂ ಕಂಬ ಇಲ್ಲ. ಇದೆಲ್ಲ ನನಗೆ ಮೊದಲೇ ಬಾಯಿಪಾಠ ಆಗಿತ್ತು. ಹೋಗುವ ಹಿಂದಿನ ರಾತ್ರಿ ಖುಷಿಗೆ ನಿದ್ದೆಯೇ ಬಂದಿರಲಿಲ್ಲ. ಮೇಲಿನ ಪಿಸುಗುಟ್ಟುವ ಗ್ಯಾಲರಿಗೆ ಹತ್ತಿದ ಕೂಡಲೇ ಎಲ್ಲ ಮಕ್ಕಳೂ ಒಟ್ಟಿಗೆ ಕೂಗಿದರು. ಅಲ್ಲಿ ಒಂದು ಚಪ್ಪಾಳೆ ತಟ್ಟಿದರೂ ಅದು ಮತ್ತೆ ಮತ್ತೆ ತಿರುಗಿ ಬರುತ್ತದೆ. ನನಗೆ ಆಟಿಸಂ ಇದೆ, ಗದ್ದಲ ನನ್ನ ಮಿದುಳಿಗೆ ಬೇರೆ ಥರ ತಟ್ಟುತ್ತದೆ. ನನಗೆ ಅದು ಸದ್ದು ಅನಿಸಲಿಲ್ಲ. ಮೈಮೇಲೆ ಜಲ್ಲಿಕಲ್ಲು ಸುರಿದ ಹಾಗಾಯಿತು. ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕೂತುಬಿಟ್ಟೆ. "ನಾಟಕ ಮಾಡಬ್ಯಾಡ, ಏಳು" ಎಂದು ಶಿಕ್ಷಕರೊಬ್ಬರು ರಟ್ಟೆ ಹಿಡಿದು ಎಳೆದರು. ಅದನ್ನು ನೋಡಿ ಮಕ್ಕಳು ಇನ್ನೂ ಜೋರಾಗಿ ಕೂಗಿದರು.

ಅದಾಗಿ ಹದಿನೈದು ವರ್ಷ. ಹೊರಗೆ ಹುಲ್ಲಿನ ಮೇಲೆ ಕೂತು ಗುಮ್ಮಟದ ಚಿತ್ರ ಎಷ್ಟೋ ಸಲ ಬಿಡಿಸಿದ್ದೇನೆ. ಒಳಗೆ ಮಾತ್ರ ಇವತ್ತಿಗೂ ಹೋಗಿಲ್ಲ.

ಬಾರಾ ಕಮಾನಿಗೆ ಛಾವಣಿಯೇ ಇಲ್ಲ. ಎರಡನೇ ಅಲಿ ಆದಿಲ್‌ಶಾಹನ ಗೋರಿಗೆಂದು ಶುರುವಾದ ಕಟ್ಟಡ ಅರ್ಧಕ್ಕೇ ನಿಂತಿದೆ. ಎತ್ತರದ ಕಟ್ಟೆ, ಅದರ ಮೇಲೆ ಕಪ್ಪು ಕಲ್ಲಿನ ಕಮಾನುಗಳು, ಮೇಲೆ ಬರೀ ಆಕಾಶ. ಯಾರಾದರೂ ಕೂಗಿದರೆ ಆ ಕೂಗು ಮೇಲೆ ಹೋಗಿಬಿಡುತ್ತದೆ. ಅದಕ್ಕೇ ಅಲ್ಲಿಗೆ ಬರಲು ಹೇಳಿದ್ದು.

ಹುಡುಗ ಬಸ್ ಇಳಿದಾಗಿನಿಂದಲೂ ಕಿವಿ ಮುಚ್ಚಿಕೊಂಡೇ ಬಂದ. ಅವನಿಗೂ ಒಂಬತ್ತು ವರ್ಷ, ಅವನಿಗೂ ಆಟಿಸಂ. "ಸರ್‌ಗೆ ನಮಸ್ಕಾರ ಮಾಡು, ಮುಖ ನೋಡು" ಎಂದು ತಾಯಿ ಹೇಳುತ್ತಲೇ ಇದ್ದರು. ಬಿಡ್ರಿ, ಇರಲಿ ಎಂದೆ. ಎರಡು ಮಾರು ದೂರ ಕೂತು ನನ್ನ ಹಾಳೆ ತೆಗೆದು ನನ್ನ ಕೆಲಸ ಶುರು ಮಾಡಿದೆ. ಹನ್ನೊಂದು ನಿಮಿಷ ಆದ ಮೇಲೆ ಅವನು ಒಂದು ಕಿವಿ ಬಿಟ್ಟ. ಆ ಕೈಯಲ್ಲಿ ಪೆನ್ಸಿಲ್ ತೆಗೆದುಕೊಂಡ.

ಅವನ ಮುಂದೆ ಒಂದು ಹಳದಿ ಕಾರ್ಡ್ ಇಟ್ಟೆ. ಇಸ್ಪೀಟ್ ಎಲೆಯಷ್ಟು ದೊಡ್ಡದು, ಮೇಲೆ "ಸಾಕು" ಎಂದು ಬರೆದಿದೆ. ಅದನ್ನು ಎತ್ತಿ ನನ್ನ ಕಡೆ ಇಟ್ಟರೆ ಎಲ್ಲ ನಿಲ್ಲುತ್ತದೆ, ಯಾರೂ ಯಾಕೆ ಅಂತ ಕೇಳುವುದಿಲ್ಲ ಎಂದು ಹೇಳಿದೆ. ನನ್ನ ಹತ್ತಿರ ಬರುವ ಮಕ್ಕಳಿಗೆ ಮೊದಲ ದಿನದ ಪಾಠ ಇಷ್ಟೇ. ಚಿತ್ರ ಬಿಡಿಸಲು ಅವರಿಗೆ ಬರುತ್ತದೆ. ಸಾಕು ಅಂತ ಹೇಳಿದರೆ ನಡೆಯುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ತಾಯಿ ಮೆಲ್ಲಗೆ ಕೇಳಿದರು: ವಿದೇಶದಲ್ಲಿ ಒಬ್ಬರಿದ್ದಾರಂತಲ್ಲ, ಹೆಲಿಕಾಪ್ಟರಿನಲ್ಲಿ ಒಂದು ಸುತ್ತು ಹೋಗಿ ಬಂದು ಇಡೀ ಊರನ್ನೇ ನೆನಪಿನಿಂದ ಬಿಡಿಸುತ್ತಾರಂತೆ, ನಮ್ಮ ಹುಡುಗನೂ ಹಾಗೆ ಆಗಬಹುದಾ? ಅವರು ಹೇಳಿದ್ದು ಲಂಡನ್ನಿನ ಸ್ಟೀಫನ್ ವಿಲ್ಟ್‌ಶರ್ ಬಗ್ಗೆ. ಅವರಿಗೂ ಆಟಿಸಂ ಇದೆ, ಅವರದೇ ಗ್ಯಾಲರಿಯೂ ಇದೆ. ನನಗೆ ಅವರೆಂದರೆ ತುಂಬಾ ಗೌರವ. ಆದರೆ ನನಗೆ ಆ ನೆನಪಿನ ಶಕ್ತಿ ಇಲ್ಲ, ನಮ್ಮಲ್ಲಿ ಬಹಳ ಮಂದಿಗೆ ಇಲ್ಲ. ನಾನು ನೋಡಿ, ಎಣಿಸಿ, ಮತ್ತೆ ನೋಡಿ ಬಿಡಿಸುವವನು. ಅದನ್ನೇ ಅವರಿಗೆ ಹೇಳಿದೆ.

ಎಣಿಸುವುದನ್ನು ಕಲಿಸಿದ್ದು ನಮ್ಮ ಅಜ್ಜಿ. ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುತ್ತಿದ್ದಳು. ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವಂತಿಲ್ಲ. ಎಳೆ ಎಣಿಸಬೇಕು. ಗವಂತಿಯಲ್ಲಿ ಸೂಜಿ ಒಂದು ಎಡೆ ಬಿಟ್ಟು ಒಂದು ಹೋಗುತ್ತದೆ, ಬಿಟ್ಟ ಎಡೆಗಳನ್ನು ತುಂಬುತ್ತಾ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಎಲ್ಲೂ ಗಂಟಿಲ್ಲ. ಬಟ್ಟೆ ತಿರುವಿ ನೋಡಿದರೂ ಅದೇ ತೇರು, ಅದೇ ತುಳಸಿ ಕಟ್ಟೆ. ಶಾಲೆಯಲ್ಲಿ ಅರ್ಧ ಗಂಟೆ ಕೂರಲಾಗದ ನಾನು ಅಜ್ಜಿಯ ಪಕ್ಕ ಇಡೀ ಮಧ್ಯಾಹ್ನ ಕೂರುತ್ತಿದ್ದೆ. ಈಗ ಆ ನಮೂನೆಗಳನ್ನು ಚೌಕದ ಹಾಳೆಯಲ್ಲಿ, ಆಮೇಲೆ ಟ್ಯಾಬ್‌ನಲ್ಲಿ ಬಿಡಿಸಿ, ಕುಪ್ಪಸಕ್ಕೆ, ಶುಭಾಶಯ ಪತ್ರಕ್ಕೆ, ಲಗ್ನಪತ್ರಿಕೆಗೆ ಮಾರುತ್ತೇನೆ. ಇದೇ ನನ್ನ ದುಡಿಮೆ.

ಶುರುವಿನಲ್ಲಿ ಒಬ್ಬ ಅಂಗಡಿಯವರು ನನ್ನ ಹದಿನಾಲ್ಕು ನಮೂನೆ ತೆಗೆದುಕೊಂಡರು. ದುಡ್ಡು ಕೇಳಲು ಹೋದಾಗ ನನ್ನ ಅಪ್ಪನಿಗೆ ಹೇಳಿದರು: "ಅಂವಾ ಖುಷಿಗೆ ಮಾಡ್ತಾನ, ಅವಗ ರೊಕ್ಕ ಯಾಕ್ರಿ?" ನಾನು ಅಲ್ಲೇ ನಿಂತಿದ್ದೆ. ನನ್ನನ್ನು ಕೇಳಲಿಲ್ಲ. ಆ ಮಾತು ನೆನಪಾದರೆ ಈಗಲೂ ಹೊಟ್ಟೆಯೊಳಗೆ ಕಿಚ್ಚು ಹತ್ತುತ್ತದೆ. ಅದಕ್ಕೇ ನನ್ನ ಹತ್ತಿರ ಬರುವ ಮಕ್ಕಳಿಗೆ ಎರಡನೇ ಪಾಠ ಬೆಲೆ ಬರೆಯುವುದು. ಮುಗಿದ ಪ್ರತಿ ಹಾಳೆಯ ಹಿಂದೆ ಹೆಸರು, ತಾರೀಖು, ಬೆಲೆ.

ತಾಯಿಯ ಜೊತೆ ಕಾಗದಪತ್ರದ ಮಾತೂ ಬಂತು. ನನಗೆ ಆಟಿಸಂ ಎಂದು ಗೊತ್ತಾದಾಗ ಇದ್ದದ್ದು 1995ರ ಅಂಗವಿಕಲರ ಕಾನೂನು. ಅದರ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ಕಾನೂನಿನಲ್ಲಿ 21 ಬಗೆ ಇವೆ, ಆಟಿಸಂ ಕೂಡ ಇದೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಗೆ, ಅರ್ಜಿ ಹಾಕಿ, ತಡ ಮಾಡಬೇಡಿ ಎಂದೆ. ನಮ್ಮ ಅಪ್ಪ ಎಷ್ಟು ಅಲೆದಿದ್ದಾರೆ ಅಂತ ನನಗೆ ಗೊತ್ತು.

ಅಷ್ಟರಲ್ಲಿ ಹುಡುಗ ಕಾರ್ಡ್ ಎತ್ತಿ ನನ್ನ ಕಡೆ ಇಟ್ಟ.

ಹಾಳೆ ನೋಡಿದೆ. ಒಂದೇ ಕಮಾನಿನ ಎಡಗಾಲು. ಬರೀ ಕಲ್ಲುಗಳು. ಒಂದೊಂದು ಕಲ್ಲಿಗೂ ಅದರದೇ ಬಿರುಕು, ಅದರದೇ ಮುರಿದ ಮೂಲೆ. ಒಂದು ಸಂದಿನಲ್ಲಿ ಬೆಳೆದ ಹುಲ್ಲಿನ ಮೂರು ಎಳೆ. ನಾನು ಆ ಜಾಗದಲ್ಲಿ ಅಷ್ಟು ಸಲ ಕೂತಿದ್ದೇನೆ, ಆ ಹುಲ್ಲನ್ನು ನೋಡಿರಲಿಲ್ಲ. "ಪೂರ್ತಿ ಕಮಾನು ತಗಿಯೋ" ಎಂದರು ತಾಯಿ. ಅವನು ಸಾಕು ಅಂದಿದ್ದಾನಲ್ರಿ ಎಂದೆ. ಅವರು ಸುಮ್ಮನಾದರು.

ಹಾಳೆ ತಿರುಗಿಸಿ ಕೊಟ್ಟೆ. ಹೆಸರು ಬರೆದ. ತಾರೀಖು ಬರೆದ. ಬೆಲೆ ಎಷ್ಟು ಎಂದು ಕೇಳಿದೆ. ಹಾಳೆಯನ್ನು ಮತ್ತೆ ಮುಂದಕ್ಕೆ ತಿರುಗಿಸಿ, ಬೆರಳಿಟ್ಟು ಕಲ್ಲುಗಳನ್ನು ಎಣಿಸಿದ. ಆಮೇಲೆ ಹಿಂದೆ 31 ಎಂದು ಬರೆದ.

ಹತ್ತರ ಮೂರು ನೋಟು, ಒಂದು ರೂಪಾಯಿ ನಾಣ್ಯ ಕೊಟ್ಟೆ. ತಾಯಿ ಬೇಡ ಬೇಡ ಎಂದರು. ಅವನು ಅವರ ಕಡೆ ನೋಡಲೇ ಇಲ್ಲ. ದುಡ್ಡನ್ನು ಅಂಗಿಯ ಕಿಸೆಗೆ ಹಾಕಿಕೊಂಡ, ಅದರ ಜೊತೆ ನನ್ನ ಹಳದಿ ಕಾರ್ಡನ್ನೂ. ನಾನು ವಾಪಸ್ ಕೇಳಲಿಲ್ಲ. ಸಂಜೆ ಮನೆಗೆ ಬಂದು ಹಳದಿ ರಟ್ಟಿನಲ್ಲಿ ಇನ್ನೊಂದು ಕತ್ತರಿಸಿಕೊಂಡೆ.