ಆಕ್ಲೆಂಡ್‌ನಲ್ಲಿ ಮನೆಮಂದಿ ಜೊತೆ ಗಾಳ ಹಾಕೋಕೆ ಹೊರಟವರಿಗೆ

ಅಪ್ಪಾಜಿ ಹುಟ್ಟಿ ಬೆಳೆದದ್ದು ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆ ಹತ್ತಿರದ ಹಳ್ಳಿಯಲ್ಲಿ. ಬಿದಿರು ಕಡ್ಡಿಗೆ ದಾರ ಕಟ್ಟಿ, ಜೋಳದ ದಂಟಿನ ಬೆಂಡು ಸಿಕ್ಕಿಸಿ, ಎರೆಹುಳ ಚುಚ್ಚಿ ಮೀನು ಹಿಡಿದ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿರುವ ನನ್ನ ತಮ್ಮ "ಜನವರಿಯಲ್ಲಿ ಎಲ್ಲರೂ ಬನ್ನಿ" ಅಂದಾಗ ಅಪ್ಪಾಜಿ ಕೇಳಿದ್ದು ಒಂದೇ ಮಾತು: "ಅಲ್ಲಿ ಗಾಳ ಹಾಕಾಕೆ ಬಿಡ್ತಾರೇನಪ್ಪ?"

ಬಿಡ್ತಾರೆ. ಆದರೆ ದೋಣಿ ಬುಕ್ ಮಾಡೋದು, ಗಾಳ ಕೊಳ್ಳೋದು ಎಲ್ಲ ಆಮೇಲೆ. ಮೊದಲು ಅಲ್ಲಿಯ ನೀರಿನ ಕಾನೂನು ತಿಳ್ಕೊಳ್ಳಿ. ದಾವಣಗೆರೆಯಿಂದ ಅಷ್ಟು ದೂರ ಹೋಗಿ ಅಲ್ಲಿ ಪೇಚಾಡೋದು ಬೇಡ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಆ ದೇಶದಲ್ಲಿ ಸಮುದ್ರಕ್ಕೆ ಒಂದು ಲೆಕ್ಕ, ನದಿ-ಸರೋವರಕ್ಕೆ ಇನ್ನೊಂದು ಲೆಕ್ಕ. ಸಿಹಿನೀರಿನ ಟ್ರೌಟ್ ಮೀನು ಹಿಡಿಯಬೇಕು ಅಂದರೆ ಲೈಸೆನ್ಸ್ ಬೇಕೇ ಬೇಕು. ಟೌಪೊ ಸರೋವರದ ಕಡೆ ಹೋದರೆ ಅದಕ್ಕೇ ಬೇರೆ ಲೈಸೆನ್ಸ್. ಸಮುದ್ರದಲ್ಲಿ ಮನೆಗಾಗುವಷ್ಟು ಹಿಡಿಯೋಕೆ ಲೈಸೆನ್ಸ್ ಬೇಡ, ನಮ್ಮಂಥ ಪ್ರವಾಸಿಗಳಿಗೂ ಬೇಡ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಸಮುದ್ರವೇ ವಾಸಿ ಅಂತ ನಾವು ನಿರ್ಧರಿಸಿದೆವು. ಟ್ರೌಟ್ ಹಿಡಿಯೋಕೆ ತಣ್ಣೀರಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗಬಹುದು. ಆರು ವರ್ಷದ ಮಗಳಿಂದ ಅದು ಆಗೋ ಕೆಲಸ ಅಲ್ಲ.

ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಸಿಕ್ಕಿದ್ದೆಲ್ಲ ಚೀಲಕ್ಕೆ ಹಾಕೋ ಹಾಗಿಲ್ಲ. ಆಕ್ಲೆಂಡ್‌ನ ಪೂರ್ವಕ್ಕಿರುವ ಹೌರಾಕಿ ಕೊಲ್ಲಿಯಲ್ಲಿ ಎಲ್ಲರೂ ಹುಡುಕೋದು ಸ್ನಾಪರ್ ಮೀನನ್ನು. ನಾವು ಹೋದಾಗ ದಿನಕ್ಕೆ ಒಬ್ಬರಿಗೆ 7, ಒಂದೊಂದೂ ಕನಿಷ್ಠ 30 ಸೆಂಟಿಮೀಟರ್ ಇರಬೇಕಿತ್ತು. ಅದೇ ಊರಿನ ಪಶ್ಚಿಮ ತೀರಕ್ಕೆ ಹೋದರೆ 10 ಮೀನು, 27 ಸೆಂಟಿಮೀಟರ್. ಒಂದೇ ಊರು, ಎರಡು ಕಡಲು, ಎರಡು ಕಾನೂನು! ಗಾಳ ಹಾಕಿದವರಿಗೆ ಮಾತ್ರ ಈ ಲೆಕ್ಕ. ಸುಮ್ನೆ ಕೂತವರ ಪಾಲನ್ನೂ ಸೇರಿಸಿ ಹಿಡಿಯೋಕಾಗಲ್ಲ. ಹಿಡಿದದ್ದನ್ನು ಮಾರೋದಂತೂ ಅಪರಾಧ. ಸರ್ಕಾರದ್ದೇ 'ಎನ್‌ಝಡ್ ಫಿಶಿಂಗ್ ರೂಲ್ಸ್' ಅನ್ನೋ ಆ್ಯಪ್ ಇದೆ. ಹೋಗುವ ದಿನ ಬೆಳಿಗ್ಗೆ ಇನ್ನೊಮ್ಮೆ ತೆಗೆದು ನೋಡಿ. ನಿಯಮ ಬದಲಾಗುತ್ತಿರುತ್ತದೆ.

ಇನ್ನು ಸಾಮಾನಿನ ವಿಷಯ. ಊರಿಂದ ಹಳೇ ಗಾಳ, ಕೆಸರು ಮೆತ್ತಿದ ಶೂ ತಗೊಂಡು ಹೋಗಬೇಡಿ. ನಮ್ಮ ಮಣ್ಣು, ಬೀಜ, ಹುಳ ಅಲ್ಲಿಗೆ ಸೇರಬಾರದು ಅಂತ ವಿಮಾನ ನಿಲ್ದಾಣದಲ್ಲಿ ತುಂಬಾ ಕಟ್ಟುನಿಟ್ಟು. ಬಳಸಿದ ಗಾಳದ ಸಾಮಾನು, ತಿನ್ನೋ ಪದಾರ್ಥ ಎಲ್ಲವನ್ನೂ ಫಾರಂನಲ್ಲಿ ಬರೆದು ತೋರಿಸಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ನನ್ನ ಹೆಂಡತಿ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ, ಮೀನು ಸಾರಿನ ಮಸಾಲೆಪುಡಿ ಮೂರನ್ನೂ ಬೇರೆ ಚೀಲದಲ್ಲಿಟ್ಟು, ಒಂದೂ ಬಿಡದೆ ಬರೆದಳು. ಅವರು ಬಿಚ್ಚಿಸಿ ನೋಡಿ, ವಾಪಸ್ ಕೊಟ್ಟರು. ಹತ್ತು ನಿಮಿಷದ ಕೆಲಸ ಅಷ್ಟೆ.

ಮಕ್ಕಳಿಗೆ ಊರಲ್ಲೇ ಒಂದಿಷ್ಟು ಅಭ್ಯಾಸ ಮಾಡಿಸಿ. ನಮ್ಮ ಕಡೆ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಸಂಘಕ್ಕೋ ಟೆಂಡರ್ ಹಿಡಿದವರಿಗೋ ಇರುತ್ತದೆ, ಅಲ್ವಾ? ಹಾಗಾಗಿ ನಾವು ನೀರಿನ ಕಡೆ ಹೋಗಲೇ ಇಲ್ಲ. ಹೈಸ್ಕೂಲ್ ಮೈದಾನದಲ್ಲಿ ಕೊಕ್ಕೆ ಇಲ್ಲದೆ, ದಾರಕ್ಕೆ ಬರೀ ಸೀಸದ ಗುಂಡು ಕಟ್ಟಿ ಎಸೆಯೋದು ಕಲಿಸಿದೆವು. ಎಸೆಯೋ ಮುನ್ನ ಹಿಂದೆ ತಿರುಗಿ ನೋಡೋ ರೂಢಿ ಅಲ್ಲೇ ಬಂತು. ಇದೊಂದು ರೂಢಿ ಇಲ್ಲದಿದ್ದರೆ ದೋಣಿಯಲ್ಲಿ ಯಾರ ಕಿವಿಗಾದರೂ ಕೊಕ್ಕೆ ಸಿಕ್ಕಿಕೊಳ್ಳುತ್ತದೆ.

ಆಕ್ಲೆಂಡ್ ಮುಟ್ಟಿದ ಮಾರನೇ ದಿನವೇ ದೋಣಿ ಇಟ್ಟುಕೊಳ್ಳಬೇಡಿ. ಜನವರಿಯಲ್ಲಿ ಅಲ್ಲಿಗೂ ನಮಗೂ ಏಳೂವರೆ ಗಂಟೆ ವ್ಯತ್ಯಾಸ. ಮಕ್ಕಳು ನಡುರಾತ್ರಿ ಎದ್ದು ಕೂರುತ್ತಾರೆ, ಮಧ್ಯಾಹ್ನ ತೂಕಡಿಸುತ್ತಾರೆ. ನಾವು ಮೊದಲ ಎರಡು ಸಂಜೆ ಬರೀ ಕಡಲ ದಂಡೆಯ ಕಟ್ಟೆಯ ಮೇಲೆ ಕೂತು ಗಾಳ ಹಾಕಿದೆವು. ಎರೆ ಎಲ್ಲಿ ಸಿಗುತ್ತದೆ ಅಂದ್ಕೊಂಡಿರಿ? ಪೆಟ್ರೋಲ್ ಬಂಕ್‌ನ ಫ್ರಿಡ್ಜ್‌ನಲ್ಲಿ. ಪಿಲ್ಚರ್ಡ್ ಅನ್ನೋ ಸಣ್ಣ ಮೀನು, ಸ್ಕ್ವಿಡ್, ಎರಡನ್ನೂ ಹೆಪ್ಪುಗಟ್ಟಿಸಿ ಮಾರುತ್ತಾರೆ. ನೀರು ಏರುವ-ಇಳಿಯುವ ಹೊತ್ತಿನ ಪಟ್ಟಿ ನೋಡಿ, ಏರಿದ ನೀರಿನ ಆಚೀಚೆ ಒಂದೆರಡು ಗಂಟೆ ಕೂತರೆ ಸಾಕು. ದೊಡ್ಡ ಮೀನೇನೂ ಸಿಗಲಿಲ್ಲ, ಆದರೆ ಯಾರ ಕೈಲಿ ಎಷ್ಟು ಹೊತ್ತು ಕೂರೋಕಾಗುತ್ತದೆ ಅನ್ನೋದು ಗೊತ್ತಾಯಿತು. ಮಗಳಿಗೆ ಎರಡು ಗಂಟೆ, ಅಪ್ಪಾಜಿಗೆ ನಾಲ್ಕು. ಅದನ್ನು ನೋಡಿಕೊಂಡೇ ಇಡೀ ದಿನದ ದೋಣಿ ಬಿಟ್ಟು ಅರ್ಧ ದಿನದ್ದು ಆರಿಸಿದೆವು. ಯಾರು ಬೇಗ ಸುಸ್ತಾಗ್ತಾರೋ ಅವರ ಲೆಕ್ಕಕ್ಕೆ ಪ್ಲಾನ್ ಮಾಡಿ.

ವಾರವನ್ನೂ ನೋಡಿಕೊಳ್ಳಿ. ಸೋಮವಾರ, ಶನಿವಾರ ನಮ್ಮ ಮನೆಯಲ್ಲಿ ಮೀನು ಮುಟ್ಟಲ್ಲ. ಬುಧವಾರ ಬುಕ್ ಮಾಡಿದ್ದೆವು. ಗಾಳಿ ಜಾಸ್ತಿ ಅಂತ ಹಿಂದಿನ ಸಂಜೆ ಫೋನ್ ಮಾಡಿ ಶುಕ್ರವಾರಕ್ಕೆ ಹಾಕಿದರು. ಕೈಯಲ್ಲಿ ಎರಡು ದಿನ ಖಾಲಿ ಇಲ್ಲದಿದ್ದರೆ ಅಪ್ಪಾಜಿ ಆಸೆ ಅಲ್ಲಿಗೇ ಮುಗಿಯುತ್ತಿತ್ತು. ಬುಕ್ ಮಾಡುವಾಗಲೇ ಎರಡು ಪ್ರಶ್ನೆ ಕೇಳಿ: ಗಾಳಿ ಬಂದರೆ ದಿನ ಬದಲಿಸ್ತೀರಾ, ಚಿಕ್ಕ ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯಾ?

ಆ ಗುರುವಾರ ಸುಮ್ನೆ ಕೂರದೆ ಗೋಟ್ ಐಲ್ಯಾಂಡ್‌ಗೆ ಹೋದೆವು. ಆ ದೇಶದ ಮೊದಲ ಸಾಗರ ಮೀಸಲು ಪ್ರದೇಶ ಅದು, 1975ರಲ್ಲಿ ಶುರುವಾದದ್ದು. ಅಲ್ಲಿ ಒಂದು ಚಿಪ್ಪನ್ನೂ ತೆಗೆಯುವ ಹಾಗಿಲ್ಲ. ಮೊಣಕಾಲುದ್ದ ನೀರಲ್ಲಿ ನಿಂತರೆ ಸ್ನಾಪರ್‌ಗಳು ಹತ್ತಿರಕ್ಕೇ ಬಂದವು. ಹಿಡಿಯೋಕೆ ಮುಂಚೆ ಮಕ್ಕಳು ಇದನ್ನು ನೋಡಿದ್ದು ನನಗೆ ತುಂಬಾ ಸಮಾಧಾನ ಕೊಟ್ಟಿತು.

ಶುಕ್ರವಾರ ಬೆಳಿಗ್ಗೆ ದೋಣಿ ಹತ್ತುವಾಗ ನಮ್ಮ ಚೀಲದಲ್ಲಿ ಬಾಳೆಹಣ್ಣು ಇತ್ತು. ದೋಣಿಯವರು ನೋಡಿ ಕೈಮುಗಿದು, ಕೆಳಗೇ ಇಟ್ಟು ಬನ್ನಿ ಅಂದರು. ದೋಣಿಯಲ್ಲಿ ಬಾಳೆಹಣ್ಣಿದ್ದರೆ ಮೀನು ಸಿಗಲ್ಲ ಅಂತ ಗಾಳದವರ ನಂಬಿಕೆ. ನಮ್ಮಲ್ಲಿ ಪೂಜೆಗೆ ಬೇಕೇ ಬೇಕಾದ ಹಣ್ಣು! ಅವರ ನೀರು, ಅವರ ನಂಬಿಕೆ. ನಾವು ಇಟ್ಟು ಹತ್ತಿದೆವು. ವಾಂತಿ ಮಾತ್ರೆಯನ್ನು ಡಾಕ್ಟರ್ ಹತ್ತಿರ ಊರಲ್ಲೇ ಕೇಳಿ ಬರೆಸಿಕೊಂಡು ಹೋಗಿ, ದೋಣಿ ಹತ್ತುವ ಮುಂಚೆಯೇ ತಗೊಳ್ಳಿ. ಮಗ "ನನಗೇನೂ ಆಗಲ್ಲ" ಅಂತ ಬಿಟ್ಟಿದ್ದ. ಮೊದಲ ಒಂದು ಗಂಟೆ ಅವನು ಮೂಲೆಯಲ್ಲಿ ಮುಖ ಬಿಳಿಚಿಕೊಂಡು ಕೂತಿದ್ದು ನೋಡಿ ಕರುಳು ಚುರುಕ್ ಅಂತು.

ಮೊದಲ ಸ್ನಾಪರ್ ಅಪ್ಪಾಜಿ ಗಾಳಕ್ಕೇ ಬಿತ್ತು. ಗುಲಾಬಿ ಬಣ್ಣ, ಬೆನ್ನ ಮೇಲೆ ಸಣ್ಣ ಸಣ್ಣ ನೀಲಿ ಚುಕ್ಕಿ. ದೋಣಿಯವರು ಅಳತೆ ಹಲಗೆಗೆ ನೀರು ಚಿಮುಕಿಸಿ, ಕೈ ಒದ್ದೆ ಮಾಡಿಕೊಂಡು ಅದನ್ನು ಮಲಗಿಸಿದರು. ಒಣಗಿದ ಕೈಯಲ್ಲಿ ಹಿಡಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ಬಿಟ್ಟರೂ ಬದುಕೋದು ಕಷ್ಟ. ಮೂತಿಯ ತುದಿಯಿಂದ ಬಾಲದ ನಡುವಿನ ಕವಲಿನವರೆಗೆ ಅಳೆಯಬೇಕು, ಬಾಲದ ಕೊನೆಯವರೆಗಲ್ಲ. ಮೂವತ್ತೈದು ಇತ್ತು, ಇಟ್ಟುಕೊಳ್ಳಬಹುದಿತ್ತು. ಆದರೆ ಮೊದಲ ಮೀನನ್ನು ಸಮುದ್ರದ ದೇವರು ತಂಗರೋವಾನಿಗೆ ಕೊಡೋದು ಮಾವೊರಿ ಜನರ ಪದ್ಧತಿ ಅಂತ ದೋಣಿಯವರು ಹೇಳಿದರು. ಬಲವಂತ ಏನೂ ಇರಲಿಲ್ಲ. ಅಪ್ಪಾಜಿ ಎರಡೂ ಕೈ ಒದ್ದೆ ಮಾಡಿಕೊಂಡರು. "ಗಂಗಮ್ಮಂಗೆ ಕೊಟ್ಟಂಗೆ ಅಲ್ಲೇನು" ಅಂತ ಬಗ್ಗಿ, ಮೀನನ್ನು ನೀರಿಗೆ ಇಳಿಸಿದರು. ಅದು ಒಂದು ಕ್ಷಣ ಕೈಯಲ್ಲೇ ನಿಂತು, ಬಾಲ ಬೀಸಿ ಹೋಯಿತು.

ಆಮೇಲೆ ಒಟ್ಟು ಆರು ಇಟ್ಟುಕೊಂಡೆವು, ಅಳತೆಗೆ ಬಾರದ ಒಂಬತ್ತನ್ನು ಬಿಟ್ಟೆವು. ಕೊನೆಗೊಂದು ಮಾತು: ಮೀನು ಹೆಚ್ಚಿಕೊಡುವಾಗ ಬರೀ ಮಾಂಸ ತೆಗೆದು, ತಲೆ-ಮುಳ್ಳು ಬೇರೆ ಹಾಕಿಬಿಡುತ್ತಾರೆ. ತಲೆ ಬೇಕು ಅಂತ ಮೊದಲೇ ಹೇಳಿಡಿ. ನಾವು ಆರೂ ತಲೆ ಕೇಳಿ ತಂದೆವು. ಹುಣಸೆಹುಳಿ, ಊರಿಂದ ತಂದ ಮಸಾಲೆಪುಡಿ ಹಾಕಿ ಅಪ್ಪಾಜಿಯೇ ಸಾರು ಕುದಿಸಿದರು. ಮಗ ಎರಡು ಸಲ ಅನ್ನ ಹಾಕಿಸಿಕೊಂಡ.