ನಮ್ಮ ಪಾಲಿನ ಪಂಚಮಿ

"ಅಮ್ಮಾ, ಅಜ್ಜಿ ಮನೆ ಜೋಕಾಲಿ ಮೇಲೆ ಮೇಲ್ಗಡೆ ಮನೆ ಅಕ್ಕ ಯಾಕೆ ಕೂತಿದಾರೆ?"

ಮಗಳ ಕೈಯಲ್ಲಿ ನನ್ನ ಫೋನು, ಅದರಲ್ಲಿ ಹಳೇ ಫೋಟೊ. ನಾನು ಶೇಂಗಾ ಹುರಿಯುತ್ತಿದ್ದೆ. "ಪಂಚಮಿಗೆ ಹೋಗಿದ್ರು" ಅಂದೆ.

"ಮತ್ತೆ ನಾವ್ಯಾಕೆ ಹೋಗಿರ್ಲಿಲ್ಲ?"

ಶೇಂಗಾ ಸೀದು ಹೋಗುತ್ತೆ ಅಂತ ಒಲೆ ಕಡೆ ತಿರುಗಿದೆ.

ಜರ್ಮನಿಯ ವುರ್ಟ್ಸ್‌ಬುರ್ಗ್‌ನಲ್ಲಿ ನಮ್ಮ ವಾಸ. ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸುತ್ತಾರೆ. ಮೇಲಿನ ಮನೆಯ ಹುಡುಗಿ ಅಲ್ಲೇ ಕಲಿತವಳು. ಚಿತ್ರದುರ್ಗ ಸೀಮೆಯ ಕೆರೆ, ಹೊಂಡಗಳ ಮೇಲೆ ಪಿಎಚ್‌ಡಿ ಮಾಡಲು 2022ರಲ್ಲಿ ಹೊರಟಾಗ ದಾವಣಗೆರೆಯ ಅಣ್ಣನ ನಂಬರು ಕೊಟ್ಟಿದ್ದೆ. ಬಾಡಿಗೆ ಮನೆ ಸಿಗುವವರೆಗೆ ಇರಲಿ ಅಂತ ಇಳಿಸಿಕೊಂಡವರು ಕೊನೆಗೂ ಬಿಟ್ಟುಕೊಡಲಿಲ್ಲ. ಆಗ ವಿದೇಶದವರು ಮನೆಯಲ್ಲಿ ಇಳಿದರೆ 24 ಗಂಟೆಯೊಳಗೆ ಫಾರಂ ಸಿ ತುಂಬಬೇಕಿತ್ತು, ಸಂಶೋಧನೆಯ ವೀಸಾದವರು ಬಂದ 14 ದಿನದೊಳಗೆ ಹೆಸರು ನೋಂದಾಯಿಸಬೇಕಿತ್ತು. "ಮನೆಗೆ ನೆಂಟ್ರು ಬಂದ್ರೂ ಪೊಲೀಸ್ರಿಗೆ ಹೇಳ್ಬೇಕಂತೆ ಕಣೇ" ಅಂತ ಅಣ್ಣ ನಗುತ್ತ ಫೋನು ಮಾಡಿದ್ದ. ಅದಾದ ಸ್ವಲ್ಪ ದಿನಕ್ಕೇ ಪಂಚಮಿ. ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿ, ಅವಳಿಗೆ ಇಳಕಲ್ ಸೀರೆ ಉಡಿಸಿ, ಕೈತುಂಬ ಬಳೆ ಇಡಿಸಿದ್ದರು. ಸೀರೆ ನನ್ನದು.

ಈ ಸಲ ಎಲ್ಲ ಹೊಂದಿಸಿಕೊಂಡಿದ್ದೆ. ಎಳ್ಳು, ಬೆಲ್ಲ, ಕೊಬ್ಬರಿ, ಪುಠಾಣಿ ಇಂಡಿಯನ್ ಅಂಗಡಿಯಲ್ಲಿ ಸಿಕ್ಕವು. ಮಗಳು ಆಟದ ಜೇಡಿಮಣ್ಣಿನಲ್ಲಿ ನಾಗಪ್ಪನನ್ನು ಮಾಡಿಟ್ಟಿದ್ದಳು, ಹೆಡೆ ಕೊಂಚ ಬಾತುಕೋಳಿಯ ಹಾಗಿತ್ತು. ಅಳ್ಳಿಗೆ ಮಾತ್ರ ಜೋಳ ಇರಲಿಲ್ಲ. ಅಂಗಡಿಯಲ್ಲಿದ್ದದ್ದು ಬರೀ ಹಿಟ್ಟು. ಪಾಪ್‌ಕಾರ್ನ್ ಸಾಲದೇ ಅಂದರು ನಮ್ಮವರು. ಅವರು ಮಂಗಳೂರಿನವರು, ಅವರಿಗೇನು ಗೊತ್ತು!

ಮೆಟ್ಟಿಲ ಹತ್ತಿರ ಆ ಹುಡುಗಿ ಸಿಕ್ಕಾಗ ಸುಮ್ಮನೆ ಮಾತಿಗೆ ಹೇಳಿದೆ. ಮೇಲೆ ಹೋದವಳು ಒಂದು ಬಟ್ಟೆಯ ಗಂಟು ತಂದಳು. ಈ ವರ್ಷ ಮತ್ತೊಮ್ಮೆ ಊರಿಗೆ ಹೋಗಿ ಬಂದಿದ್ದಳಲ್ಲ, ಅವ್ವ ಅವಳಿಗೇ ಅಂತ ಕಟ್ಟಿಕೊಟ್ಟ ಅಳ್ಳಿನ ಜೋಳ. ನನಗೆ ಚಟ್ನಿಪುಡಿ ಕಳಿಸಿದ್ದಳು, ಜೋಳ ಕಳಿಸಿರಲಿಲ್ಲ. "ನೀವು ಅಳ್ಳು ಹುರಿಯೋದು ಬಿಟ್ಟಿದೀರಿ ಅಂದ್ರು ಅವ್ವ" ಅಂದಳು. ಅವಳಿಗೂ ಅವ್ವ ಅವ್ವನೇ.

ಹಿಂದಿನ ರಾತ್ರಿಯೇ ಬಿಸಿನೀರು ಚಿಮುಕಿಸಿ ಕಟ್ಟಿಟ್ಟಿದ್ದ ಜೋಳ ಕಾದ ಬಾಣಲೆಗೆ ಬಿದ್ದಾಗ, ಕಡ್ಡಿಗೆ ಬಟ್ಟೆ ಸುತ್ತಿಕೊಂಡು ಆಡಿಸಿದವಳು ಅವಳೇ. ಅಳ್ಳು ಅರಳಿದ ವಾಸನೆಗೆ ದಾವಣಗೆರೆಯ ನಮ್ಮ ನಿಟುವಳ್ಳಿಯ ಅಡುಗೆಮನೆ ಬಂದು ಎದುರಿಗೆ ನಿಂತಿತು.

ಹುರಿಯುತ್ತಲೇ ಅವಳು ದುರ್ಗದ ಮಾತು ತೆಗೆದಳು. ಕೋಟೆಯ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕ-ತಂಗಿ ಹೊಂಡಕ್ಕೆ ಇಳಿದು, ಊರೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡ ಮುಟ್ಟುವ ದಾರಿಯನ್ನು ಬಾಣಲೆ ಪಕ್ಕ ಹಿಟ್ಟಿನಲ್ಲಿ ಗೆರೆ ಎಳೆದು ಮಗಳಿಗೆ ತೋರಿಸಿದಳು. ಕಾಲೇಜಿನ ದಿನಗಳಲ್ಲಿ ಗೆಳತಿಯರ ಜೊತೆ ಆ ಹೊಂಡದ ದಂಡೆಯ ಮೇಲೆ ಕೂತು ಮಂಡಕ್ಕಿ ತಿಂದಿದ್ದೇನೆ. ನೀರು ಎಲ್ಲಿಂದ ಬಂತು ಅಂತ ಕೇಳಬೇಕು ಅನ್ನಿಸಿರಲಿಲ್ಲ.

ಆಮೇಲೆ ವಾಣಿವಿಲಾಸ ಸಾಗರದ ಕಥೆ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ 2022ರವರೆಗೂ ಆ ಜಲಾಶಯ 130 ಅಡಿ ತುಂಬಿ ಹರಿದಿರಲಿಲ್ಲ. ಆ ಸೆಪ್ಟೆಂಬರಿನಲ್ಲಿ ಊರಿಗೆ ಊರೇ ಹಿರಿಯೂರಿನ ಕಡೆ ಹೊರಟಾಗ ಅಣ್ಣ ಇವಳನ್ನೂ ಅವ್ವನನ್ನೂ ಕಾರಿನಲ್ಲಿ ಕರೆದೊಯ್ದಿದ್ದ. ಕೋಡಿಯ ನೀರು ನೋಡುತ್ತ ಅವ್ವ ತನ್ನ ತಾಯಿಯ ಮಾತು ಹೇಳಿದಳಂತೆ. ಅಜ್ಜಿ ಸಣ್ಣವಳಿದ್ದಾಗ, ಆ ಮೊದಲ ಕೋಡಿ ನೋಡಲು ರೊಟ್ಟಿ ಬುತ್ತಿ ಕಟ್ಟಿಕೊಂಡು ಎತ್ತಿನ ಗಾಡಿಯಲ್ಲಿ ಬಂದಿದ್ದಳಂತೆ, ಬಾಗಿನ ಬಿಡುವಾಗ ಕೈಯ ಬಳೆಯೊಂದು ಕಳಚಿ ನೀರಿಗೆ ಹೋಯಿತಂತೆ.

"ಅದು ನನ್ನ ಥೀಸಿಸ್‌ನಲ್ಲಿ ಬರುತ್ತೆ. ನಿಮಗೆ ಗೊತ್ತಿರುತ್ತಲ್ಲ ಈ ಕಥೆ" ಅಂದಳು.

ಹೂಂ ಅಂದೆ. ಅದೇ ಅಜ್ಜಿಯ ಮಗ್ಗುಲಲ್ಲಿ ಮಲಗಿ ಬೆಳೆದವಳು ನಾನು. ರಾತ್ರಿ ಬೆನ್ನು ಕೆರೆಸಿಕೊಳ್ಳುತ್ತಿದ್ದೆನೇ ಹೊರತು ನೀನು ಸಣ್ಣವಳಿದ್ದಾಗ ಏನೇನು ನೋಡಿದೆ ಅಂತ ಒಂದು ದಿನವೂ ಕೇಳಿರಲಿಲ್ಲ. ಕೋಡಿ ಬಿದ್ದ ದಿನ ಅವ್ವನ ವಿಡಿಯೊ ಕಾಲ್ ಬಂದಿದ್ದು ನೆನಪಿದೆ. "ನೀರು ನೋಡೇ" ಅಂತ ಕೂಗುತ್ತಿದ್ದಳು, ಗಾಳಿಗೆ ಮಾತು ಕೇಳುತ್ತಿರಲಿಲ್ಲ. ಆಮೇಲೆ ಮಾಡ್ತೀನಿ ಅಂದಿದ್ದೆ.

ಸಂಜೆ ನಾಗಪ್ಪನಿಗೆ ಹಾಲೆರೆದೆವು. ದೇವರ ಪಾಲು, ಗುರುವಿನ ಪಾಲು, ಅಜ್ಜಿ ಪಾಲು, ಮಾಮನ ಪಾಲು ಅಂತ ಮಗಳು ಎಣಿಸುತ್ತ ಹೋಗಿ ಹಾಲೆಲ್ಲ ಟೇಬಲ್ ಮೇಲೆ. ಆಮೇಲೆ ಊರಿಗೆ ಫೋನು ಹಚ್ಚಿದೆ. ಅಲ್ಲಿ ರಾತ್ರಿ ಊಟ ಮುಗಿದಿತ್ತು.

"ಮುಂದಿನ ಪಂಚಮಿಗಾದ್ರೂ ಬಾರೇ" ಅಂದ ಅಣ್ಣ. "ಮೊದ್ಲೇ ಹೇಳು, ಫಾರಂ ಸಿ ತುಂಬಿ ಇಟ್ಟಿರ್ತೀನಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವ್ವ ಮಾತ್ರ "ಹಬ್ಬದ ದಿನ ಅದೇನು ಮಾತೋ" ಅಂತ ಅವನನ್ನು ಬೈದು ಫೋನು ಕಿತ್ತುಕೊಂಡಳು.

"ಅದಿರ್ಲಿ, ಆ ಹುಡುಗಿಗೆ ಎಳ್ಳುಂಡಿ ಕೊಟ್ಟೆಯೇನೇ? ಶೇಂಗಾದುಂಡಿ ಅವಳು ಮುಟ್ಟಲ್ಲ."

ನಾನು ಶೇಂಗಾದುಂಡಿಯ ಡಬ್ಬಿ ಕೊಟ್ಟು ಕಳಿಸಿದ್ದೆ.