ಏಳನೇ ಕೂಗು

ಮೈಸೂರಿನ ಎರಡು ವರ್ಷದ ಕೋರ್ಸಿನಲ್ಲಿ ಏನು ಓದಿದಿರಿ ಅಂತ ಯಾರಾದರೂ ಕೇಳಿದರೆ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಸಂವಹನ ಸಿದ್ಧಾಂತ ಅಂತ ಒಂದು ಪೇಪರ್ ಇತ್ತು, ಅದರಲ್ಲಿ ಬಾಣದ ಗುರುತುಗಳು ಜಾಸ್ತಿ ಇದ್ದವು. ಅಷ್ಟೇ. ಆದರೆ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಕೇಳಿ, ಥಟ್ ಅಂತ ಹೇಳುತ್ತೇನೆ. ಆರು ಪೂರ್ತಿ. ಏಳನೆಯದು ಅರ್ಧ.

ವಿಭಾಗದ ಈ ಸಂಚಿಕೆಗೆ ಬರೆದುಕೊಡಿ ಅಂದಾಗ ಮೊದಲು ಪುರುಸೊತ್ತಿಲ್ಲ ಅಂದಿದ್ದೆ. ನಮಗೆ ಸಿನಿಮಾ ಕಲಿಸಿದ ಮೇಷ್ಟ್ರ ಶ್ರದ್ಧಾಂಜಲಿ ಸಭೆಗೆ ಮೈಸೂರಿಗೆ ಬಂದು ಹೋದ ಮೇಲೆ, ಬರೆಯದಿದ್ದರೆ ಸರಿಯಲ್ಲ ಅನ್ನಿಸಿತು. ಅದಕ್ಕೊಂದು ಕಾರಣವಿದೆ, ಕೊನೆಗೆ ಹೇಳುತ್ತೇನೆ.

ನಾವು ಅವರನ್ನು ಬೆನ್ನ ಹಿಂದೆ ‘ಯಾಕ್ ಮೇಷ್ಟ್ರು’ ಅಂತಿದ್ದೆವು. ಏನು ತೋರಿಸಿದರೂ ಅವರ ಮೊದಲ ಮಾತು ‘ಯಾಕೆ?’ ಕ್ಯಾಮೆರಾ ಅಲ್ಲಿ ಯಾಕೆ? ಅವನು ತಿರುಗಿ ನೋಡಿದ್ದು ಯಾಕೆ? ಬೈಯುತ್ತಿರಲಿಲ್ಲ. ಎಡಿಟಿಂಗ್ ರೂಮಿನ ಎಸಿಗೆ ಮಫ್ಲರ್ ಸುತ್ತಿಕೊಂಡು ಕೂತು, ಯಾಕೆ ಅಂತ ಕೇಳಿ, ಉತ್ತರ ಬರುವವರೆಗೂ ಸುಮ್ಮನೆ ಕಾಯುತ್ತಿದ್ದರು. ಬೈದಿದ್ದರೇ ವಾಸಿ ಇತ್ತು.

2004ರಲ್ಲಿ ಅವರು ಕೊಟ್ಟ ಅಸೈನ್‌ಮೆಂಟ್ ಇದು: ಒಂದು ಥ್ರಿಲ್ಲರ್ ಸಿನಿಮಾದ ಮೊದಲ ಎರಡು ನಿಮಿಷ ಮಾಡಿ. ಕಥೆ ಮುಗಿಸುವುದು ಬೇಡ. ನೋಡುವವನು ಎದ್ದು ಹೋಗಬಾರದು, ಅಷ್ಟೇ. ಇಡೀ ವಿಭಾಗಕ್ಕೆ ಇದ್ದಿದ್ದು ಒಂದೇ ಸೋನಿ ಪಿಡಿ 150 ಕ್ಯಾಮೆರಾ. ನಮ್ಮ ನಾಲ್ಕು ಜನರ ತಂಡಕ್ಕೆ ಸಿಕ್ಕಿದ್ದು 60 ನಿಮಿಷದ ಒಂದು ಟೇಪು, ಮೂರು ರಾತ್ರಿ.

ಥ್ರಿಲ್ಲರ್ ಅಂದ ಮೇಲೆ ರಾತ್ರಿಯೇ ಅಲ್ವಾ? ನಾವು ಏನೇನು ನೋಡಿದ್ದೆವೋ ಅದನ್ನೆಲ್ಲ ತುಂಬಿದೆವು. ತೋಟದ ಪೈಪಿನಿಂದ ಮಳೆ. ಓಡುವ ಹುಡುಗಿ. ಕೈಗವಸು ಹಾಕಿದ ಕೈ. ಮುಖ ಕಾಣದ ಮನುಷ್ಯ. ಸ್ಟ್ಯಾಂಡಿನ ಒಂದು ಕಾಲಿಗೆ ಇಟ್ಟಿಗೆ ಕೊಟ್ಟು ಕ್ಯಾಮೆರಾವನ್ನು ಓರೆ ಮಾಡಿದೆವು. ಲೈಬ್ರರಿ ಹಿಂದಿನ ಕಲ್ಲುಬೆಂಚಿನ ಪಕ್ಕ ಒಂದು ಹೆಣವೂ ಬಿತ್ತು. ಹೆಣ ನಾನೇ.

ರಕ್ತದ ಕಥೆ ಬೇರೆ. 1960ರ ‘ಸೈಕೋ’ ಕಪ್ಪು ಬಿಳುಪಿನ ಸಿನಿಮಾ, ಅದರ ರಕ್ತ ಚಾಕಲೇಟ್ ಸಿರಪ್ ಅಂತ ಮೇಷ್ಟ್ರು ಕ್ಲಾಸಿನಲ್ಲಿ ಹೇಳಿದ್ದರು. ಚಾಕಲೇಟ್ ಸಿರಪ್ ಕೊಳ್ಳಲು ನಮಗೆಲ್ಲಿ ದುಡ್ಡು? ಬೆಲ್ಲದ ಪಾಕ ಕಾಯಿಸಿ ಕುಂಕುಮ ಕಲಸಿದೆವು. ಬಣ್ಣ ಮಾತ್ರ ಅದ್ಭುತ. ಅದನ್ನು ಕುತ್ತಿಗೆಗೂ ಶರ್ಟಿಗೂ ಸುರಿದುಕೊಂಡು ಮಲಗಿದೆ. ಲೈಟು ಸರಿಮಾಡಲು ಅವರು ಅರ್ಧ ಗಂಟೆ ತೆಗೆದುಕೊಂಡರು. ಅಷ್ಟರಲ್ಲಿ ಮೈಸೂರಿನ ಕೆಂಪಿರುವೆಗಳಿಗೆಲ್ಲ ಸುದ್ದಿ ಮುಟ್ಟಿತ್ತು.

ತಡೆದುಕೊಂಡೆ. ಹೆಣ ಅಲುಗಾಡಬಾರದು. ಆದರೆ ಇರುವೆ ಶರ್ಟಿನ ಒಳಗೆ ಹೋದಾಗ ಅಯ್ಯಯ್ಯೋ ಅಂತ ಕಿರುಚಿಕೊಂಡು ನೆಗೆದು ಎದ್ದೆ. ಅದೇ ಗಳಿಗೆಗೆ ವಾಚ್‌ಮನ್ ಟಾರ್ಚ್ ಹಿಡಿದು ಮೂಲೆ ತಿರುಗಿದ್ದ. ಮೈಯೆಲ್ಲ ರಕ್ತ ಮಾಡಿಕೊಂಡು ಕುಣಿಯುತ್ತಿರುವ ಹೆಣ ನೋಡಿ ಅವನು ಓಡಿದ ಓಟ ಇದೆಯಲ್ಲ, ನಮ್ಮ ಇಡೀ ಸಿನಿಮಾದಲ್ಲಿ ಅಂಥ ಒಂದು ಶಾಟ್ ಇರಲಿಲ್ಲ. ಗೇಟಿನ ಹತ್ತಿರ ನಿಂತು ಅವನು ಸೀಟಿ ಊದಿದ. ಹಾಸ್ಟೆಲಿಗೆ ಹಾಸ್ಟೆಲೇ ಎದ್ದಿತು. ಬೆಳಿಗ್ಗೆ ನಾಲ್ವರೂ ಕ್ಷಮಾಪಣೆ ಪತ್ರ ಬರೆದುಕೊಟ್ಟೆವು. ನನ್ನ ಪತ್ರದಲ್ಲಿ ವ್ಯಾಕರಣದ ತಪ್ಪು ಒಂದೂ ಇರಲಿಲ್ಲ ಅಂತ ಮೇಷ್ಟ್ರು ಆಮೇಲೆ ಹೇಳಿದರು.

ಸಿನಿಮಾ ನೋಡಿ ಮಾತ್ರ ಅವರು ಏನೂ ಹೇಳಲಿಲ್ಲ. ಕತ್ತಲಲ್ಲೂ ಚಿತ್ರ ಕಾಣಲಿ ಅಂತ ಕ್ಯಾಮೆರಾದ ಗೇನ್ ಏರಿಸಿದ್ದರಿಂದ ಚಿತ್ರದ ತುಂಬ ರವೆ ಚೆಲ್ಲಿದ ಹಾಗಿತ್ತು. ಕೊನೆಗೆ ಒಂದೇ ಪ್ರಶ್ನೆ: “ಕ್ಯಾಮೆರಾಕ್ಕೆ ಸೊಂಟ ನೋವೇನ್ರಯ್ಯಾ?”

ಆಮೇಲೆ ಇನ್ನೊಂದು. “ಮಧ್ಯಾಹ್ನ ಹೆದರಿಕೆ ಆಗಲ್ವಾ?”

ಅವತ್ತು ಅವರು ಎರಡು ವಿಷಯ ಹೇಳಿದರು. ಒಂದು, ‘ಸೈಕೋ’ ತೆಗೆದ ಹಿಚ್‌ಕಾಕ್ ಮಾತು. ಮೇಜಿನ ಕೆಳಗೆ ಬಾಂಬ್ ಇದೆ, ನಮಗೆ ಗೊತ್ತಿಲ್ಲ, ಸಿಡಿಯಿತು. 15 ಸೆಕೆಂಡು ಬೆಚ್ಚುತ್ತೇವೆ. ಬಾಂಬ್ ಇರುವುದು ನಮಗೆ ಮೊದಲೇ ಗೊತ್ತು, ಕೂತವರಿಗೆ ಗೊತ್ತಿಲ್ಲ ಅಂದರೆ 15 ನಿಮಿಷ ಒದ್ದಾಡುತ್ತೇವೆ. ಎರಡನೆಯದು, ಫ್ರಿಟ್ಜ್ ಲಾಂಗ್ 1931ರಲ್ಲಿ ತೆಗೆದ ಜರ್ಮನ್ ಸಿನಿಮಾ ‘ಎಂ’. ಸ್ಕೂಲಿಗೆ ಹೋದ ಮಗುವಿಗಾಗಿ ತಾಯಿ ಊಟಕ್ಕೆ ತಟ್ಟೆ ಇಟ್ಟು ಕಾಯುತ್ತಾಳೆ. ಮಗು ಬರುವುದಿಲ್ಲ. ಖಾಲಿ ತಟ್ಟೆ. ಪೊದೆಯಿಂದ ಉರುಳಿ ಬರುವ ಚೆಂಡು. ತಂತಿಗೆ ಸಿಕ್ಕಿಕೊಂಡ ಬಲೂನು. ಚಾಕು ಇಲ್ಲ, ರಕ್ತ ಇಲ್ಲ, ಕೊಲೆಯನ್ನು ತೋರಿಸುವುದೇ ಇಲ್ಲ. ನೋಡಿ ಮುಗಿದ ಮೇಲೆ ನಾಲ್ವರೂ ಮಾತಾಡದೆ ಕ್ಯಾಂಟೀನಿಗೆ ಹೋದೆವು.

“ಆ ತಾಯಿ ತಟ್ಟೆ ಇಟ್ಟಳು. ನಿಮ್ಮ ಮನೇಲಿ ಏನಿದೆ ನೋಡಿ” ಅಂದಿದ್ದರು ಮೇಷ್ಟ್ರು. ನಮ್ಮ ಮನೆಯಲ್ಲಿ ಇದ್ದಿದ್ದು ಕುಕ್ಕರ್. ಈ ಐಡಿಯಾ ಹೊಳೆದಿದ್ದು ನನಗೆ. ನಮ್ಮ ಕ್ಯಾಮೆರಾಮನ್ ಇವತ್ತಿಗೂ ತನ್ನದು ಅನ್ನುತ್ತಾನೆ, ಅನ್ನಲಿ.

ಎರಡನೇ ಸಲ ತೆಗೆದದ್ದು ಹೀಗೆ: ಅಗ್ರಹಾರದ ಒಂದು ಹಳೇ ಹೆಂಚಿನ ಮನೆ. ಮಟಮಟ ಮಧ್ಯಾಹ್ನ. ಹಿತ್ತಲಲ್ಲಿ ಅಜ್ಜಿ ಸಂಡಿಗೆ ಇಡುತ್ತಿದ್ದಾರೆ. ಒಳಗೆ ಕುಕ್ಕರ್ ಕೂಗುತ್ತದೆ. ಒಂದು. ಎರಡು. ಮೂರು. ಮೂರು ಕೂಗಿಗೆ ಒಲೆ ಆರಿಸಬೇಕು ಅಂತ ನಮ್ಮ ಕಡೆ ಮಗುವಿಗೂ ಗೊತ್ತು. ನಾಲ್ಕು. “ಸುಮಾ, ಒಲೆ ಆರಿಸೇ!” ಐದು. ಅಜ್ಜಿಯ ಕೈ ಸಂಡಿಗೆಯ ಮೇಲೆ ನಿಲ್ಲುತ್ತದೆ. ಆರು. ಏಳನೆಯದು ಶುರುವಾಗಿ, ಯಾರೋ ಸೌಟಿನಿಂದ ವೆಯ್ಟ್ ಅದುಮಿದ ಹಾಗೆ, ಅರ್ಧಕ್ಕೆ ನಿಲ್ಲುತ್ತದೆ. ಅಜ್ಜಿ ಸಮಾಧಾನದಿಂದ ಮುಂದಿನ ಸಂಡಿಗೆ ಇಡುತ್ತಾರೆ. ಆಗ ಗೇಟು ಕಿರ್ರೆನ್ನುತ್ತದೆ. ತರಕಾರಿ ಚೀಲ ಹಿಡಿದು ಸುಮಾ ಬೀದಿಯಿಂದ ಒಳಗೆ ಬರುತ್ತಾಳೆ. “ಯಾರನ್ನ ಕೂಗ್ತಿದ್ದೆ ಅಜ್ಜಿ?”

ಕಟ್. ಅಷ್ಟೇ ಸಿನಿಮಾ.

ಅಜ್ಜಿಯ ಪಾತ್ರ ಮಾಡಿದ್ದು ಆ ಮನೆಯ ಅಜ್ಜಿಯೇ. ಇನ್ನೊಂದು ಟೇಕ್ ಅಂದರೆ, “ಒಣಗಿದ ಸಂಡಿಗೆ ಮತ್ತೆ ಹಸಿ ಮಾಡೋದು ಹೇಗಪ್ಪಾ?” ಅಂತ ಕೇಳಿದರು. ಕಂಟಿನ್ಯುಟಿ ಅಂದರೆ ಏನು, ಒಂದು ಶಾಟಿನಲ್ಲಿ ಇದ್ದದ್ದು ಮುಂದಿನದರಲ್ಲೂ ಹಾಗೇ ಇರಬೇಕು ಅನ್ನೋದು ಯಾಕೆ ಅಂತ ನನಗೆ ಅರ್ಥವಾಗಿದ್ದು ಆವತ್ತು.

ಎಲ್ಲ ಹಳೇ ಚಾಳಿ ಬಿಟ್ಟೆವು ಅಂತ ಬೀಗುತ್ತಾ ಎಡಿಟಿಂಗಿಗೆ ಕೂತೆವು. ಒಂದು ಮಾತ್ರ ಉಳಿದಿತ್ತು. ಅಡುಗೆಮನೆಯ ಕತ್ತಲಿನಿಂದ, ಕಿಟಕಿಯ ಸರಳುಗಳ ಮಧ್ಯೆ ಅಜ್ಜಿಯನ್ನು ನೋಡುವ ಒಂದು ಶಾಟ್. ಯಾರೋ ಒಳಗಿಂದ ನೋಡುತ್ತಿರುವ ಹಾಗೆ. ಇದು ತೀರಾ ಹಳೇದು, ತೆಗೆದುಬಿಡೋಣ ಅಂದೆ ನಾನು. ಮೇಷ್ಟ್ರು ಬಿಡಲಿಲ್ಲ. “ಹಳೇದೇ. ಇರಲಿ. ಎಲ್ಲಾ ಕಿತ್ತುಹಾಕಿದರೆ ಇದು ಥ್ರಿಲ್ಲರ್ ಅಂತ ಗೊತ್ತಾಗೋದು ಹೇಗೆ? ಸಂಡಿಗೆ ಮಾಡೋ ಕಾರ್ಯಕ್ರಮ ಅನ್ಕೋತಾರೆ.”

ಕೂಗುಗಳ ನಡುವಿನ ಅಂತರವನ್ನು ಕಮ್ಮಿ ಮಾಡುತ್ತಾ ಹೋಗಬೇಕು ಅನ್ನೋದು ನನ್ನ ಹಟ. ಟೆನ್ಷನ್ ಅಂದರೆ ವೇಗ ತಾನೇ? ಅವರು ಎಲ್ಲವನ್ನೂ ಒಂದೇ ಅಳತೆಗೆ ತಂದರು. “ಗಾಬರಿ ಅಜ್ಜಿಗೆ ಕಣಯ್ಯಾ. ಕುಕ್ಕರಿಗೆ ಯಾಕೆ?” ಏಳನೇ ಕೂಗನ್ನು ಎಲ್ಲಿ ಕತ್ತರಿಸಬೇಕು ಅಂತ ಒಂದು ಸಂಜೆ ಪೂರ್ತಿ ಹಿಡಿಯಿತು. ಸೆಕೆಂಡಿಗೆ 25 ಫ್ರೇಮು. ಒಂದು ಫ್ರೇಮ್ ಆ ಕಡೆ, ಎರಡು ಫ್ರೇಮ್ ಈ ಕಡೆ. ಕೊನೆಗೆ ನಾನು ಸೇರಿಸಿದ್ದ ‘ಢಣ್’ ಅನ್ನುವ ಸಂಗೀತವನ್ನು ನನ್ನನ್ನು ಕೇಳದೆ ಅಳಿಸಿದರು. ಆಗ ಕೋಪ ಬಂದಿತ್ತು. ಈಗ ಬೆಂಗಳೂರಿನಲ್ಲಿ ಸಿನಿಮಾಗಳಿಗೆ ಸೌಂಡ್ ಮಾಡುವುದೇ ನನ್ನ ಕೆಲಸ. ನಿರ್ದೇಶಕರು ಕೇಳುವ ಹತ್ತು ‘ಢಣ್’ಗಳಲ್ಲಿ ಏಳನ್ನಾದರೂ ಬಿಡಿಸುತ್ತೇನೆ. ಈ ವಿಷಯದಲ್ಲಿ ನನಗೆ ಒಂದು ಹೆಸರಿದೆ ಅಂತ ಹೇಳಿಕೊಳ್ಳಲು ಸಂಕೋಚವಿಲ್ಲ.

ಸಭೆಗೆ ಬಂದ ದಿನ ಈಗಿನ ಹುಡುಗರ ಜೊತೆ ಮಾತಾಡಿದೆ. ಒಬ್ಬೊಬ್ಬರ ಕೈಯಲ್ಲೂ ನಮ್ಮ ಪಿಡಿ 150 ನಾಚುವಂಥ ಫೋನು. ಎಷ್ಟು ಟೇಕ್ ಬೇಕಾದರೂ ತೆಗೆಯಬಹುದು. ಹೊಟ್ಟೆಕಿಚ್ಚಾಯಿತು. ಆದರೆ ಪ್ರಾಜೆಕ್ಟಿಗೆ ಮೊದಲೇ ಒಂದು ಫಾರಂ ತುಂಬಬೇಕಂತೆ. ಎಡಗಡೆ ‘ಪಾಲಿಸಿದ ರೂಢಿಗಳು’ (ಇಂಥ ಸಿನಿಮಾದಲ್ಲಿ ಎಲ್ಲರೂ ಮಾಡುವಂಥವು, ನಮ್ಮ ಮಳೆ, ಕೈಗವಸಿನ ಹಾಗೆ), ಬಲಗಡೆ ‘ಮುರಿದ ರೂಢಿಗಳು’, ಎರಡಕ್ಕೂ ಮಾರ್ಕ್ಸು. ಮುರಿಯುವುದಕ್ಕೂ ಕಾಲಂ ಹಾಕಿಕೊಟ್ಟರೆ ಅದೂ ಒಂದು ರೂಢಿಯೇ ಅಲ್ವಾ? ತಪ್ಪು ತಿಳಿಯಬೇಡಿ, ವಯಸ್ಸಾದವನ ಗೊಣಗಾಟ.

ಸಭೆಯ ಕೊನೆಯಲ್ಲಿ ನಮ್ಮ ಎರಡು ನಿಮಿಷ ಹಾಕಿದರು. ಮೇಷ್ಟ್ರ ಹೆಂಡತಿ ಮುಂದಿನ ಸಾಲಿನಲ್ಲಿದ್ದರು. ಅಲ್ಲಿಯವರೆಗೆ ಭಾಷಣಗಳಿಗೆಲ್ಲ ತಲೆ ತಗ್ಗಿಸಿ ಕೂತಿದ್ದರು. ನಾಲ್ಕನೇ ಕೂಗಿಗೆ ತಲೆ ಎತ್ತಿದರು. ಐದಕ್ಕೆ ಕುರ್ಚಿಯ ತುದಿಗೆ ಬಂದರು. ಆರನೆಯದಕ್ಕೆ, “ಯಾರಾದ್ರೂ ಆರಿಸ್ರಪ್ಪಾ” ಅಂತ ಜೋರಾಗಿಯೇ ಅಂದುಬಿಟ್ಟರು. ಇಡೀ ಹಾಲ್ ನಕ್ಕಿತು. ಅವರೂ ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು.

ಹೊರಗೆ ಕಾಫಿ ಕುಡಿಯುವಾಗ ನಮ್ಮ ನಾಲ್ವರನ್ನೂ ಹತ್ತಿರ ಕರೆದರು. “ಅದು ನಮ್ಮನೆ ಕುಕ್ಕರ್ ಕಣ್ರಪ್ಪಾ. ಇವರು ನಿಮಗೆ ಅಂತ ತಗೊಂಡು ಬಂದಿದ್ರು. ಕುಕ್ಕರ್ ವಾಪಸ್ ಬಂತು, ವೆಯ್ಟ್ ಬರಲಿಲ್ಲ. ಯಾಕೆ ಅಂತ ಇವರನ್ನ ಕೇಳಿದ್ರೆ ಸುಮ್ನೆ ನಗ್ತಿದ್ರು.”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಬಾಯಿ ಬಿಡಲಿಲ್ಲ. ಆ ವೆಯ್ಟ್ ಇಪ್ಪತ್ತು ವರ್ಷದಿಂದ ನನ್ನ ಮೇಜಿನ ಮೇಲಿದೆ, ಹಾಳೆ ಹಾರದ ಹಾಗೆ. ಇದನ್ನು ಬರೆಯುತ್ತಿರುವ ಹಾಳೆಗಳ ಮೇಲೂ ಅದೇ ಕೂತಿದೆ. ಅಮ್ಮಾ, ಈ ಸಂಚಿಕೆ ನಿಮ್ಮ ಕೈಗೆ ಬರುವ ಮೊದಲೇ ಕೊರಿಯರ್ ಮಾಡುತ್ತೇನೆ.